ಬೂಷ್ಟು ಹಿಡಿದ ಕಣ್ಣು

ಕೊಡೆಯ ಕಡ್ಡಿ ಮುರಿದಾಗ, ಉರುಳಿಯ ಬಾಯಿ ಬಿರಿದಾಗ, ಗೋಡೆಯ ಗಡಿಯಾರ ನಿಂತಾಗ, ಇದನ್ನು ಸರಿಪಡಿಸುವುದೊ, ತೆಗೆದಿಟ್ಟು ಬೇರೊಂದನ್ನು ತರುವುದೊ ಎಂಬ ಪ್ರಶ್ನೆ ಎಲ್ಲರ ಮನೆಯಲ್ಲಿಯೂ ಏಳುವಂಥದು. ಕೈಯಲ್ಲಿರುವ ಹಣವನ್ನೂ ಪೇಟೆಯ ದೂರವನ್ನೂ ಎಣಿಸಿ ನಾವು ಒಂದು ಉತ್ತರ ಕಂಡುಕೊಳ್ಳುತ್ತೇವೆ. ಅದನ್ನು ಧರ್ಮಜಿಜ್ಞಾಸೆಯೆಂದು ಯಾರೂ ಕರೆಯುವುದಿಲ್ಲ. ಹಾಗಿದ್ದರೂ ಈ ವರ್ಷ ಮಕರ ಸಂಕ್ರಾಂತಿಯಿಂದ ವಿಷುವಿನವರೆಗೆ ಪೂರಾ ಮೂರು ತಿಂಗಳು ನಮ್ಮ ಸಂಘದ ಕ್ಯಾಮರಾದ ಒಂದು ಮಸೂರವು ಇದೇ ಪ್ರಶ್ನೆಯ ಸುತ್ತ ನಮ್ಮನ್ನು ಗಾಣದೆತ್ತಿನಂತೆ ತಿರುಗಿಸಿತು. ತಿರುಗಿದುದರಲ್ಲಿ ಎಣ್ಣೆ ಎಷ್ಟು, ಹಿಂಡಿ ಎಷ್ಟು ಎಂಬುದನ್ನು ವಾಚಕರೇ ಹೇಳಬೇಕು.

ಕ್ಯಾಮರಾದ ವಿಚಾರವನ್ನು ಮೊದಲು ಹೇಳಬೇಕು. ಅದು ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ ತಯಾರಾದ ರೊಲೈಕಾರ್ಡ್. ನಮ್ಮ ಪೇಟೆಯಲ್ಲಿ ಬಹುಕಾಲ ಸ್ಟುಡಿಯೋ ಇಟ್ಟಿದ್ದ ಹಿರಿಯರೊಬ್ಬರು ಅದನ್ನು ೧೯೫೦ರ ದಶಕದಲ್ಲಿ ಕೊಂಡವರು. ಕಾಸರಗೋಡು ೧೯೫೬ರ ನವೆಂಬರ್ ೧ರಂದು ಕೇರಳ ರಾಜ್ಯಕ್ಕೆ ಸೇರಿದ ಮೇಲಿನ ವರ್ಷಗಳಿಂದ ಮೊದಲುಗೊಂಡು ಈ ಶತಮಾನದ ಆರಂಭದವರೆಗೆ, ಸುತ್ತಲಿನ ಕನ್ನಡ ಶಾಲೆಗಳ ಎಷ್ಟೋ ತಂಡಗಳು ಆ ಪೆಟ್ಟಿಗೆಯ ಮುಂದೆ ಸಾಲಾಗಿ ನಿಂತಿವೆ. ನಾವೂ ನಿಂತವರೇ. ೧೯೯೮ರಲ್ಲಿ ನಾಲ್ಕನೆಯ ತರಗತಿಯ ಎರಡನೆಯ ಸಾಲಿನಲ್ಲಿ, ಎಡದಿಂದ ಐದನೆಯವರಾಗಿ, ಕಣ್ಣು ಮುಚ್ಚಿಕೊಂಡು. ಯಜಮಾನರು ತೀರಿಕೊಂಡು, ಅಂಗಡಿಯೂ ಮುಚ್ಚಿದ ಬಳಿಕ ಅವರ ಮಗನು ಕ್ಯಾಮರಾವನ್ನು ಚರ್ಮದ ಚೀಲ ಸಹಿತ ಸಂಘಕ್ಕೆ ಒಪ್ಪಿಸಿದರು. ನಾವು ಅದಕ್ಕೆ ಒಂದು ಹಾರ ಹಾಕಿ, ಎರಡು ಒಳ್ಳೆಯ ಮಾತುಗಳನ್ನಾಡಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಮೂರು ಮಳೆಗಾಲ ಅದು ಅಲ್ಲಿಯೇ ಇತ್ತು.

ಈ ಬಗೆಯ ಕ್ಯಾಮರಾವನ್ನು ನೋಡದವರಿಗಾಗಿ ಎರಡು ಮಾತು. ಇದಕ್ಕೆ ಒಂದರ ಮೇಲೊಂದು ಎರಡು ಕಣ್ಣು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನ ಕಣ್ಣು ಚಿತ್ರ ತೆಗೆಯುವುದಕ್ಕೆ. ಮೇಲಿನದರಿಂದ ಬಂದ ಬೆಳಕು ಓರೆಯಾಗಿಟ್ಟ ಕನ್ನಡಿಗೆ ತಾಗಿ ನೆತ್ತಿಯ ಮೇಲಿನ ಮಸುಕುಗಾಜಿನಲ್ಲಿ ಮೂಡುತ್ತದೆ, ಎಡವು ಬಲವಾಗಿ, ಬಲವು ಎಡವಾಗಿ. ಚಿತ್ರ ತೆಗೆಯುವವನು ಪೆಟ್ಟಿಗೆಯನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ತಗ್ಗಿಸಿ ನೋಡಬೇಕು. ಎದುರಿಗಿರುವವರಿಗೆ ಅವನು ನಮಸ್ಕರಿಸುವಂತೆ ತೋರುತ್ತದೆ. ಒಂದು ಸುರುಳಿಗೆ ಆರು ಸೆಂಟಿಮೀಟರ್ ಚೌಕದ ಹನ್ನೆರಡು ಚಿತ್ರಗಳು. ಆ ಸುರುಳಿ ಈಗ ನಮ್ಮ ಕೈಗೆ ಬರುವ ಹೊತ್ತಿಗೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ಆದಕಾರಣ ಹನ್ನೆರಡರಲ್ಲಿ ಒಂದನ್ನೂ ಪೋಲು ಮಾಡುವ ಮನಸ್ಸಾಗದು.

ಕಳೆದ ನವೆಂಬರಿನಲ್ಲಿ, ಮಳೆ ಪೂರ್ತಿ ನಿಂತ ಮೇಲೆ, ನಮ್ಮ ಸೀಮೆಯ ನಿವೃತ್ತ ಕನ್ನಡ ಅಧ್ಯಾಪಕರ ಚಿತ್ರಗಳನ್ನು ತೆಗೆದಿಡಬೇಕೆಂದು ಸಂಘವು ನಿಶ್ಚಯಿಸಿತು. ಎಂಬತ್ತು ದಾಟಿದವರು ಎಂಟು ಮಂದಿ ಇದ್ದರು. ಅವರವರ ಶಾಲಾದಿನಗಳ ಚಿತ್ರ ತೆಗೆದ ಕ್ಯಾಮರಾದಿಂದಲೇ ಅವರ ಮುಪ್ಪಿನ ಚಿತ್ರವೂ ಬರಲಿ ಎಂಬ ಒಂದು ಭಾವುಕತೆ ಅದರಲ್ಲಿ ಇತ್ತೆಂದು ಒಪ್ಪಿಕೊಳ್ಳುತ್ತೇವೆ. ಭಾರವನ್ನು ನಮಗೆ ವಹಿಸಿದರು. ಎರಡು ಸುರುಳಿ, ಇಪ್ಪತ್ತನಾಲ್ಕು ಚಿತ್ರ. ನಮಗೆ ಅಕ್ಷರ ಕಲಿಸಿದ ಮಾಷ್ಟ್ರೂ ಆ ಎಂಟರಲ್ಲಿ ಒಬ್ಬರು.

ಅವರು ಚಾವಡಿಯ ಕಿಟಕಿಯ ಬಳಿ, ಬೆಳಕಿಗೆ ಬೆನ್ನಾಗಿ, ತಮ್ಮ ನಿತ್ಯದ ಕುರ್ಚಿಯಲ್ಲಿಯೇ ಕುಳಿತರು. ಹಿಂದಿನ ವರ್ಷ ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ನಾವು ಬೆಳಕು ಅಳೆಯುತ್ತಿದ್ದಾಗ ಅದರ ಕಥೆ ಹೇಳಿದರು: "ಬಿಳಿ ಅಂದರೆ ಏನೆಂಬುದೇ ಮರೆತುಹೋಗಿತ್ತು ಮಾರಾಯ. ಪಂಚೆ ಹಳದಿಯಾಗಿದೆ, ಸರಿಯಾಗಿ ಒಗೆಯುವುದಿಲ್ಲ ಅಂತ ಎರಡು ವರ್ಷ ಇವಳಿಗೆ ಬೈದೆ. ಆಪರೇಶನ್ ಆಗಿ ಮನೆಗೆ ಬಂದು ನೋಡುತ್ತೇನೆ, ಅದೇ ಪಂಚೆ, ಕೊಕ್ಕರೆಯ ಹಾಗೆ!" ಒಳಗಿನಿಂದ ಅವರ ಪತ್ನಿ, "ಆಮೇಲಾದರೂ ತಪ್ಪಾಯಿತು ಅಂದರೊ ಕೇಳು" ಎಂದರು. ಮಾಷ್ಟ್ರು ನಕ್ಕರು. ಆ ನಗೆಯನ್ನು ನಾವು ಮಸುಕುಗಾಜಿನಲ್ಲಿ ಸ್ಪಷ್ಟವಾಗಿ ಕಂಡೆವು. ಹಲ್ಲಿಲ್ಲದ ಬಾಯಿ, ಹುಬ್ಬಿನ ಒಂದೊಂದು ಬಿಳಿಗೂದಲು, ಎಲ್ಲವನ್ನೂ ಕಂಡು, ಗುಂಡಿ ಒತ್ತಿದೆವು.

ಸುರುಳಿಗಳನ್ನು ದೂರದ ಊರಿಗೆ ಕಳುಹಿಸಿ ತೊಳೆಯಿಸಬೇಕಾದುದರಿಂದ ಅವು ಮರಳಿ ಬಂದುದು ಡಿಸೆಂಬರಿನ ಕೊನೆಗೆ. ಇಪ್ಪತ್ತನಾಲ್ಕರಲ್ಲಿ ಒಂದೂ ನೆಟ್ಟಗಿರಲಿಲ್ಲ. ನೆರಳಿರಬೇಕಾದಲ್ಲಿ ಹಾಲು ಚೆಲ್ಲಿದಂತೆ. ಕಿಟಕಿಯೊ ಬಾಗಿಲೊ ಹಿಂದೆ ಇದ್ದಲ್ಲಿ ಮುಖವೇ ಮಂಜಿನೊಳಗೆ. ನಾವು ತೊಳೆದವರನ್ನು ಬೈದು ಒಂದು ಕಾಗದ ಬರೆದೆವು. ಅವರು ಅತ್ಯಂತ ವಿನಯದಿಂದ, ಮಸೂರದ ಹಿಂಬದಿಯಿಂದ ಟಾರ್ಚ್ ಹಿಡಿದು ನೋಡಿರೆಂದು ಉತ್ತರಿಸಿದರು. ನೋಡಿದೆವು. ಮೇಲಿನ ಕಣ್ಣು ತಿಳಿನೀರಿನಂತಿತ್ತು. ಕೆಳಗಿನ ಕಣ್ಣಿನೊಳಗೆ ಜೇಡನ ಬಲೆಯಂತೆ, ಇನ್ನೂ ಸರಿಯಾಗಿ ಹೇಳುವುದಾದರೆ ಬಾವಿಕಟ್ಟೆಯ ಪಾಚಿಯ ಬೇರಿನಂತೆ, ಬಿಳಿಯ ಎಳೆಗಳು ಅಂಚಿನಿಂದ ನಡುವಿಗೆ ಹಬ್ಬಿಕೊಂಡಿದ್ದುವು. ಬೂಷ್ಟು! ನೋಡುವ ಕಣ್ಣು ಶುದ್ಧವಾಗಿದ್ದುದರಿಂದ ಬರೆದುಕೊಳ್ಳುವ ಕಣ್ಣಿನ ರೋಗ ನಮಗೆ ತಿಳಿಯಲೇ ಇಲ್ಲ. ಒಂದೇ ಕಣ್ಣಿನ ಯಂತ್ರವಾಗಿದ್ದರೆ ಬಹುಶಃ ತಿಳಿಯುತ್ತಿತ್ತು.

ಏಳು ಮಂದಿ ಹಿರಿಯರ ಚಿತ್ರವನ್ನು ಮತ್ತೊಮ್ಮೆ ತೆಗೆಯಬಹುದಾಗಿತ್ತು. ನಮ್ಮ ಮಾಷ್ಟ್ರು ಡಿಸೆಂಬರಿನ ಮಧ್ಯದಲ್ಲಿಯೇ ತೀರಿಕೊಂಡಿದ್ದರು.

ಇಷ್ಟು ಹೇಳದೆ ಮುಂದಿನ ವಿಚಾರಕ್ಕೆ ಹೋದರೆ ಅದು ಬರಿಯ ತರ್ಕವಾಗುತ್ತಿತ್ತು. ಮಸೂರವನ್ನು ತೊಳೆಯುವುದೊ ಬದಲಿಸುವುದೊ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡುದು ನೆಮ್ಮದಿಯ ಮನಸ್ಸಿನಿಂದಲ್ಲ.

ಬೂಷ್ಟಿನ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲ. ಆಟಿ ತಿಂಗಳಿನಲ್ಲಿ ಚಪ್ಪಲಿಗೆ, ಪುಸ್ತಕದ ಬೆನ್ನಿಗೆ, ಗೋಡೆಯ ಪಟಕ್ಕೆ, ಎಲ್ಲಕ್ಕೂ ಒಂದು ಬೂದಿಯ ಲೇಪ. ಅಡಿಕೆಗೆ ಕೊಳೆರೋಗ ಬರಬಾರದೆಂದು ಮೈಲುತುತ್ತು ಮತ್ತು ಸುಣ್ಣ ಬೆರಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಗೊನೆಗೊನೆಗೂ ಹೊಡೆಯಿಸುವವರು ನಾವು. ಅಷ್ಟು ಜಾಗ್ರತೆಯುಳ್ಳವರು ಕ್ಯಾಮರಾವನ್ನು ಮಾತ್ರ ಚರ್ಮದ ಚೀಲದಲ್ಲಿ ಹಾಕಿ, ಗಾಳಿಯಾಡದ ಕಪಾಟಿನಲ್ಲಿಟ್ಟೆವು. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ತೇಲುತ್ತಿರುತ್ತವೆ. ಅವು ಗಾಜನ್ನು ತಿನ್ನುವುದಿಲ್ಲ. ಗಾಜಿನ ಮೇಲೆ ಕುಳಿತ ಧೂಳು, ಎಣ್ಣೆಯ ಹಬೆ, ಬೆರಳಿನ ಜಿಡ್ಡು ಅವಕ್ಕೆ ಆಹಾರ. ತೇವವಿದ್ದು, ಕತ್ತಲೆಯಿದ್ದು, ಗಾಳಿ ಕದಲದಿದ್ದರೆ ಮೊಳೆಯುತ್ತವೆ. ಚರ್ಮವು ತೇವವನ್ನು ಹೀರಿ ಹಿಡಿದಿಡುತ್ತದೆ. ಬೆಳೆಯುತ್ತ ಅವು ಆಮ್ಲವನ್ನು ಸ್ರವಿಸುತ್ತವೆ. ಆ ಆಮ್ಲವು ಗಾಜಿನ ಮೇಲಿನ ತೆಳುಲೇಪವನ್ನೂ, ಕಾಲ ಕಳೆದರೆ ಗಾಜಿನ ಮೈಯನ್ನೂ ಕೊರೆಯುತ್ತದೆ. ಮೊದಲಿನದು ತೊಳೆದರೆ ಹೋಗುವ ಕೊಳೆ, ಎರಡನೆಯದು ಹೋಗದ ಗಾಯ. ಹೊರಗಿನಿಂದ ಟಾರ್ಚ್ ಹಿಡಿದವನಿಗೆ ಇವೆರಡರ ಭೇದ ಕಾಣುವುದಿಲ್ಲ.

ಜನವರಿಯಲ್ಲಿ ನಾವು ಮಂಗಳೂರಿಗೆ ಹೋಗಿ, ಓಣಿಯೊಂದರ ಮಾಳಿಗೆಯಲ್ಲಿ ಕುಳಿತು ಈ ಕೆಲಸ ಮಾಡುವ ಒಬ್ಬ ವೃದ್ಧರನ್ನು ಕಂಡೆವು. ಅವರು ಮಸೂರವನ್ನು ಕಿಟಕಿಗೆ ಹಿಡಿದು, ತಿರುಗಿಸಿ, ಮೂಸಿಯೂ ನೋಡಿದರು. (ಬೂಷ್ಟಿಗೆ ವಾಸನೆಯುಂಟೆಂಬುದು ನಮಗೆ ಹೊಸ ಸಂಗತಿಯಲ್ಲ, ಆದರೆ ಗಾಜನ್ನು ಮೂಸಿದವರನ್ನು ನಾವು ಕಂಡುದು ಅದೇ ಮೊದಲು.) ಇದರ ಹೆಸರು ಕ್ಸೆನಾರ್. ಪಾಲ್ ರುಡೋಲ್ಫ್ ಎಂಬಾತನು ೧೯೦೨ರಲ್ಲಿ ಜೈಸ್ ಕಾರ್ಖಾನೆಯಲ್ಲಿ ರೂಪಿಸಿದ ಟೆಸ್ಸಾರ್ ಎಂಬ ಪ್ರಸಿದ್ಧ ಮಸೂರದ ಜಾತಿಯದು: ನಾಲ್ಕು ಗಾಜು, ಮೂರು ಗುಂಪು, ಹಿಂದಿನ ಎರಡು ಗಾಜುಗಳನ್ನು ಅಂಟಿನಿಂದ ಒಂದಾಗಿಸಿದೆ. ಅಂಟಿನ ನಡುವೆ ಬೂಷ್ಟು ಹೊಕ್ಕಿದ್ದರೆ ಕಾಯಿಸಿ ಬಿಡಿಸಬೇಕಾಗುತ್ತಿತ್ತು. ಸುದೈವದಿಂದ ಹಾಗಾಗಿರಲಿಲ್ಲ. ಅವರು ಎರಡು ದಾರಿಯನ್ನು ತೋರಿಸಿದರು. ಬಿಚ್ಚಿ, ಅಮೋನಿಯಾ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಬೆರಸಿದ ದ್ರಾವಣದಿಂದ ತೊಳೆಯುವುದು ಒಂದು. ಕೂಲಿ ೧,೮೦೦ ರೂಪಾಯಿ, ಕಲೆ ಉಳಿಯುವುದಿಲ್ಲವೆಂಬ ಭರವಸೆ ಇಲ್ಲ. ಎರಡನೆಯದು, ಅವರಲ್ಲಿಯೇ ಇದ್ದ ಇನ್ನೊಂದು ರೊಲೈಕಾರ್ಡಿನ ಮಸೂರವನ್ನು ತೆಗೆದು ಇದಕ್ಕೆ ಕೂರಿಸುವುದು, ಬೆಲೆ ೬,೦೦೦. ಅದರ ಕಣ್ಣು ಶುದ್ಧ, ಆದರೆ ಶಟರು ಮುರಿದಿತ್ತು. ಮುಂದಿನ ಗಾಜು ಒಂದರದು, ಹಿಂದಿನದು ಇನ್ನೊಂದರದು ಎಂದು ಬೆರಕೆ ಮಾಡಿದರೆ ಚಿತ್ರ ಕೆಡುವುದೆಂದೂ, ಬದಲಿಸಿದರೆ ಇಡಿಯಾಗಿ ಬದಲಿಸಿ, ಮೇಲಿನ ಕಣ್ಣಿನೊಂದಿಗೆ ಹೊಂದಿಕೆ ನೋಡಬೇಕೆಂದೂ ಹೇಳಿದರು.

"ಅಂದರೆ ಆ ಕ್ಯಾಮರಾವನ್ನು ಕೊಂದು ಇದನ್ನು ಬದುಕಿಸಬೇಕು" ಎಂದೆವು, ಸ್ವಲ್ಪ ನೋವಿನಿಂದಲೇ.

"ಮಾಷ್ಟ್ರೇ, ಅದು ಸತ್ತು ಹತ್ತು ವರ್ಷ ಆಯಿತು. ಇದನ್ನು ಮಾಡುವುದು ಎಪ್ಪತ್ತರ ಕಾಲಕ್ಕೇ ನಿಂತಿದೆ. ಸತ್ತದ್ದರಿಂದ ತೆಗೆಯದೆ ಬಿಡಿಭಾಗ ಎಲ್ಲಿಂದ ತರಲಿ? ನಾನು ಮೂರರಿಂದ ಒಂದು ಮಾಡಿಯೇ ಮಕ್ಕಳನ್ನು ಓದಿಸಿದ್ದು" ಎಂದು ಅವರು ಮಸೂರವನ್ನು ಹತ್ತಿಯಲ್ಲಿ ಸುತ್ತಿ ನಮ್ಮ ಕೈಗಿತ್ತರು. "ಯೋಚನೆ ಮಾಡಿ ಬನ್ನಿ."

ಯೋಚನೆ ಮಾಡುವ ಕಾರ್ಯವು ಸಂಘದ ಸಮಿತಿಯಲ್ಲಿ ಆರಂಭವಾಯಿತು. ನಮ್ಮ ಖಜಾಂಚಿಯವರ ವಾದ ಸರಳ: ಪ್ರತಿಯೊಬ್ಬರ ಕಿಸೆಯಲ್ಲಿಯೂ ಮೊಬೈಲ್ ಇರುವಾಗ ಎರಡೂ ಖರ್ಚು ವ್ಯರ್ಥ. ಇದನ್ನು ನಗೆಯಾಡುವಂತಿಲ್ಲ. ನಮ್ಮ ಕೈಯಲ್ಲಿದ್ದ ಮೊಬೈಲಿನಿಂದಲೇ ನವೆಂಬರಿನಲ್ಲಿ ಒಂದೊಂದು ಚಿತ್ರ ತೆಗೆದಿದ್ದರೆ ಮಾಷ್ಟ್ರ ನಗು ಇಂದು ಉಳಿದಿರುತ್ತಿತ್ತು. ಫಿಲ್ಮಿನ ಪಟ ಶಾಶ್ವತ, ಮೊಬೈಲಿನದು ಕ್ಷಣಿಕ ಎಂದು ಕೆಲವರು ಹೇಳಿದರು, ಅದೂ ಅರ್ಧಸತ್ಯವೇ. ಫಿಲ್ಮಿನ ಮೇಲಿನ ಜೆಲಟಿನ್ ಪದರವೂ ಬೂಷ್ಟಿಗೆ ಮೃಷ್ಟಾನ್ನ. ಇನ್ನೊಬ್ಬರು, ಇಷ್ಟು ಶಾಲೆಗಳ ಮಕ್ಕಳನ್ನು ಕಂಡ ಕಣ್ಣು ಇದು, ಇದನ್ನು ಕಿತ್ತು ಬೇರೆ ಇಟ್ಟರೆ ಉಳಿಯುವುದು ಬರಿಯ ಡಬ್ಬ ಎಂದರು. ಆ ಮಾತಿಗೆ ಸಭೆಯೆಲ್ಲ ತಲೆದೂಗಿತು. ಎಲ್ಲರಿಗಿಂತ ಹೆಚ್ಚಾಗಿ ತೂಗಿದವರು ನಾವೇ.

ಆ ಸಭೆಗೆ ಸ್ಟುಡಿಯೋ ಯಜಮಾನರ ಮಗನೂ ಬಂದಿದ್ದರು. ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಹೇಳಿದರು: "ಈ ಲೆನ್ಸು ಮೊದಲಿನದಲ್ಲ. ನಾನು ಸಣ್ಣವನಿದ್ದಾಗ ಒಂದು ಮದುವೆಯಲ್ಲಿ ಕ್ಯಾಮರಾ ಬಿದ್ದು ಮುಂದಿನ ಗಾಜು ಒಡೆಯಿತು. ಅಪ್ಪ ಬೇರೆ ಒಂದು ತಂದು ಹಾಕಿದರು. ಅಪ್ಪನಿಗೆ ಫೋಟೋ ಮುಖ್ಯ."

ವಾಚಕರು ನಮ್ಮ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಮುಟ್ಟಬಾರದೆಂದು ನಾವು ಕಣ್ಣಿಗೊತ್ತಿಕೊಂಡಿದ್ದ ಮಸೂರವೇ ಒಂದು ಬದಲಿ ಮಸೂರವಾಗಿತ್ತು!

ಇಂಥಲ್ಲಿ ತತ್ತ್ವಶಾಸ್ತ್ರವನ್ನು ಬಲ್ಲವರು ಗ್ರೀಕರ ಹಡಗನ್ನು ನೆನೆಯುವರು. ಥೀಸಿಯಸ್ ಎಂಬ ವೀರನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು, ಕೊಳೆತ ಹಲಗೆಯನ್ನೆಲ್ಲ ತೆಗೆದು ಹೊಸತನ್ನು ಜೋಡಿಸುತ್ತ ಬಂದರೆಂದೂ, ಅದು ಅದೇ ಹಡಗೆ ಎಂದು ಪಂಡಿತರು ವಾದಿಸಿದರೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ನಮ್ಮಲ್ಲಿಯೂ ನಾಗಸೇನ ಭಿಕ್ಷುವು ಮಿಲಿಂದ ರಾಜನನ್ನು, ಗಾಲಿ ರಥವೆ, ಅಚ್ಚು ರಥವೆ, ನೊಗ ರಥವೆ ಎಂದು ಕೇಳುತ್ತ ಹೋಗಿ, ಯಾವ ಭಾಗವೂ ರಥವಲ್ಲ, ರಥವೆಂಬುದು ಕೂಡಿಕೆಗೆ ಇಟ್ಟ ಹೆಸರು ಎಂದು ಅರಸನ ಬಾಯಿಂದಲೇ ಒಪ್ಪಿಸಿದ ಕಥೆ ಮಿಲಿಂದ ಪಞ್ಹದಲ್ಲಿದೆ. ಈ ವಿಚಾರಗಳು ದೊಡ್ಡವು. ಆದರೆ ನಮ್ಮ ಕಷ್ಟಕ್ಕೆ ಅವು ಅಷ್ಟಾಗಿ ಒದಗಲಿಲ್ಲ. ಮಸೂರ ಬದಲಿಸಿದರೂ ಸಂಘದ ದಾಸ್ತಾನು ಪುಸ್ತಕದಲ್ಲಿ ಅದೇ ಸಾಲು, ಅದೇ ಕ್ರಮಸಂಖ್ಯೆ. ಕ್ಯಾಮರಾ ಅದೇ ಹೌದೆ ಎಂಬುದು ನಮ್ಮನ್ನು ಕಾಡಿದ ಪ್ರಶ್ನೆಯಲ್ಲ. ನಾವು ಯಾರಿಗೆ ಏನು ಸಲ್ಲಿಸಬೇಕಾಗಿದೆ ಎಂಬುದೇ ಕಾಡಿದುದು.

ಜೀರ್ಣೋದ್ಧಾರದ ವಿಷಯದಲ್ಲಿ ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂಬುದನ್ನು ನೋಡಿದರೆ ಹೆಚ್ಚು ಬೆಳಕು ಸಿಕ್ಕೀತು. ಹೊಸ ಗುಡಿ ಕಟ್ಟಿಸುವುದಕ್ಕಿಂತ ಬಿದ್ದ ಗುಡಿಯನ್ನು ಎತ್ತಿ ನಿಲ್ಲಿಸುವುದರಲ್ಲಿ ಪುಣ್ಯ ಹೆಚ್ಚೆಂದು ನಮ್ಮ ನಂಬಿಕೆ. ಅದೇ ಸಂಪ್ರದಾಯವು, ಒಳಗಿನ ಮೂರ್ತಿ ಭಿನ್ನವಾದರೆ ಅದನ್ನು ತೇಪೆ ಹಾಕಿ ಪೂಜಿಸಬೇಡಿ, ನೀರಿನಲ್ಲಿ ವಿಸರ್ಜಿಸಿ ಹೊಸತನ್ನು ಪ್ರತಿಷ್ಠಿಸಿ ಎನ್ನುತ್ತದೆ. ಪುರಿಯ ಜಗನ್ನಾಥನಿಗಂತೂ ಮರದ ಮೈ; ೧೯೯೬ರಲ್ಲಿ ಬದಲಾಯಿಸಿದ ಮೈಯನ್ನು ೨೦೧೫ರಲ್ಲಿ ಮತ್ತೆ ಬದಲಾಯಿಸಿದರು. ಹಳೆಯದರ ಒಳಗಿನ ಬ್ರಹ್ಮಪದಾರ್ಥವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸೇವಕರು ಕತ್ತಲೆಯಲ್ಲಿ ಹೊಸದರೊಳಗೆ ಇಡುತ್ತಾರೆ. ಎಂದಮೇಲೆ, ಗೋಡೆಯಾದರೆ ಸರಿಪಡಿಸು, ಮೂರ್ತಿಯಾದರೆ ಬದಲಿಸು ಎಂದಾಯಿತು. ಯಾವುದು ಕೆಲಸದ ತಿರುಳೊ ಅದು ಅರೆಕೊರೆಯಾಗಿ ಇರಬಾರದು. ಕ್ಯಾಮರಾದಲ್ಲಿ ತಿರುಳು ಯಾವುದು? ಮಸೂರವೇ. ಹಾಗಾದರೆ ಬದಲಿಸಬೇಕು! ಈ ತರ್ಕ ನಮ್ಮನ್ನು ಎರಡು ವಾರ ಹಿಡಿದಿತ್ತು.

ಅದನ್ನು ಗಟ್ಟಿಮಾಡಿದುದು ಮಾಷ್ಟ್ರ ಕಣ್ಣು. ಪೊರೆಯ ಚಿಕಿತ್ಸೆಯೆಂದರೆ ಪೊರೆಯನ್ನು ಸುಲಿಯುವುದೆಂದು ಜನ ತಿಳಿದಿರುತ್ತಾರೆ. ಹಾಗಲ್ಲ. ಮಬ್ಬಾಗಿರುವುದು ಕಣ್ಣಿನ ಮಸೂರವೇ. ಅದನ್ನು ತೆಗೆದು ಕೃತಕ ಮಸೂರವನ್ನು ಇಡುತ್ತಾರೆ. ಇದನ್ನು ಮೊದಲು ಮಾಡಿದವನು ಲಂಡನ್ನಿನ ಹೆರಾಲ್ಡ್ ರಿಡ್ಲೆ, ೧೯೪೯ರಲ್ಲಿ. ಯುದ್ಧವಿಮಾನದ ಚಾಲಕರ ಕಣ್ಣಿಗೆ ವಿಮಾನದ ಮುಚ್ಚಿಗೆಯ ಪ್ಲಾಸ್ಟಿಕ್ ಚೂರುಗಳು ಹೊಕ್ಕರೂ ಕಣ್ಣು ಅವುಗಳನ್ನು ಸಹಿಸಿಕೊಂಡಿದ್ದುದನ್ನು ಕಂಡು ಅವನಿಗೆ ಅದು ಹೊಳೆಯಿತು. ದೇವರು ಕೊಟ್ಟ ಮಸೂರವನ್ನು ತೆಗೆದು ಮನುಷ್ಯನು ಮಾಡಿದುದನ್ನು ಇಟ್ಟಾಗ ಮಾಷ್ಟ್ರು ಅಳಲಿಲ್ಲ. ಇನ್ನು ನಾನು ನೋಡುವುದು ನನ್ನ ಕಣ್ಣಿನಿಂದ ಹೌದೆ ಎಂದು ಕೇಳಲಿಲ್ಲ. ಪಂಚೆ ಬೆಳ್ಳಗಿದೆಯೆಂದು ಸಂತೋಷಪಟ್ಟರು. ಕಾರಣ ಸ್ಪಷ್ಟ. ಮಸೂರದ ಹಿಂದೆ ನೋಡುವವನೊಬ್ಬನು ಇದ್ದಾನೆ, ಅವನು ಬದಲಾಗಲಿಲ್ಲ. ಕ್ಯಾಮರಾದ ಒಳಗೆ ಅಂಥವನು ಯಾರೂ ಇಲ್ಲ. ನೋಡುವವನು ತಲೆ ತಗ್ಗಿಸಿಕೊಂಡು ಹೊರಗೆ ನಿಂತಿರುತ್ತಾನೆ. ಹಾಗಿರುವಾಗ ಮನುಷ್ಯನ ಕಣ್ಣಿಗೆ ತೋರದ ಮಮಕಾರವನ್ನು ಗಾಜಿಗೆ ತೋರುವುದು ವಿಚಿತ್ರವಲ್ಲವೆ?

ಈ ವಿಚಾರದ ಬೆನ್ನು ಹತ್ತಿ ಇನ್ನಷ್ಟು ಹೋದಾಗ ಒಂದು ಕಡೆ ನಾವು ತಡೆದು ನಿಂತೆವು. ಮಸೂರ ಎಷ್ಟೋ ಮಕ್ಕಳ ಮುಖ ಕಂಡಿದೆ ಎನ್ನುತ್ತೇವಲ್ಲ, ಅದು ಏನನ್ನು ಇಟ್ಟುಕೊಂಡಿದೆ? ಏನನ್ನೂ ಇಲ್ಲ. ಬೆಳಕು ಹಾದುಹೋಯಿತು, ಅಷ್ಟೆ. ನೆನಪಿರುವುದು ಫಿಲ್ಮಿಗೆ, ಕಾಗದಕ್ಕೆ, ಆ ಪಟವನ್ನು ಗೋಡೆಗೆ ತೂಗಿದವರಿಗೆ. ತನ್ನ ಮೂಲಕ ಹೋದುದರಲ್ಲಿ ಯಾವುದನ್ನೂ ಹಿಡಿದುಕೊಳ್ಳದಿರುವುದೇ ಮಸೂರದ ಗುಣ. ಹಿಡಿದುಕೊಂಡುದು ಒಂದೇ ಒಂದು, ಈ ಬೂಷ್ಟು. ಆ ಬೂಷ್ಟು ಸ್ಟುಡಿಯೋದ ಕಾಲದ್ದಲ್ಲ. ಯಜಮಾನರು ಬಿಸಿಲು ಬಿದ್ದ ದಿನ ಕ್ಯಾಮರಾವನ್ನು ಬಾಯಿ ತೆರೆದು ಜಗಲಿಯಲ್ಲಿಡುತ್ತಿದ್ದರೆಂದು ಮಗನು ಹೇಳಿದರು. ಅದು ಮೂರು ಮಳೆಗಾಲ ಹಾರ ಹಾಕಿ ಬೀಗ ಹಾಕಿದ ನಮ್ಮ ಗೌರವದ ಫಲ. ಆ ಗಾಜಿನಲ್ಲಿ ಬರೆದುಕೊಂಡಿರುವ ಇತಿಹಾಸ ಯಾವುದಾದರೂ ಇದ್ದರೆ ಅದು ನಮ್ಮ ಔದಾಸೀನ್ಯದ ಇತಿಹಾಸ. ಹಾಗೆ ತಿಳಿದ ಮೇಲೆ, ೬,೦೦೦ ರೂಪಾಯಿ ಕೊಟ್ಟು ಶುದ್ಧವಾದ ಕಣ್ಣನ್ನು ತಂದು ಕೂರಿಸಿ, ಹಳೆಯದನ್ನು ಮಂಗಳೂರಿನ ಡಬ್ಬದಲ್ಲಿ ಬಿಟ್ಟು ಬರುವುದು ನಮಗೆ ಅಷ್ಟು ನಿರ್ಮಲವಾದ ಕಾರ್ಯವಾಗಿ ತೋರಲಿಲ್ಲ. ಮಗುವು ಮಸಿ ಚೆಲ್ಲಿದ ಹಾಳೆಯನ್ನು ಹರಿದು ಹೊಸ ಹಾಳೆಯಲ್ಲಿ ಬರೆದು ತಂದಂತೆ. ನಮ್ಮ ತರಗತಿಯಲ್ಲಿ ಹಾಗೆ ತಂದವರಿಗೆ, ಹಳೆಯ ಹಾಳೆ ಎಲ್ಲಿ ಎಂದು ಕೇಳುವವರು ನಾವು.

ಆದರೆ ಇಲ್ಲಿಯೂ ಒಂದು ಮೋಸವಿದೆ. ನಮ್ಮ ತಪ್ಪಿಗೆ ನಾವು ಪ್ರಾಯಶ್ಚಿತ್ತ ಮಾಡಿಕೊಳ್ಳುವುದು ಸರಿ. ಕಲೆಯುಳಿದ ಮಸೂರದ ಮುಂದೆ ಇನ್ನುಳಿದ ಏಳು ಮಂದಿ ವೃದ್ಧರನ್ನು ಕೂರಿಸಿ ಆ ಪ್ರಾಯಶ್ಚಿತ್ತದ ಬೆಲೆಯನ್ನು ಅವರಿಂದ ತೆರಿಸುವುದು ಸರಿಯೆ? ಹಾಲಿನಂತೆ ಮಸುಕಾದ ಮುಖ ಅವರ ಮನೆಯವರ ಪಾಲಿಗೆ, ಸಮಾಧಾನ ನಮ್ಮ ಪಾಲಿಗೆ. ಯಜಮಾನರಿಗೆ ಫೋಟೋ ಮುಖ್ಯವಾಗಿತ್ತು ಎಂಬ ಮಾತು ನಮ್ಮನ್ನು ಚುಚ್ಚಿದುದು ಇಲ್ಲಿ. ಅವರು ವಸ್ತುವನ್ನು ಪ್ರೀತಿಸದೆ ಇರಲಿಲ್ಲ, ಬಿಸಿಲಿಗಿಡುತ್ತಿದ್ದರಲ್ಲ. ಆದರೆ ಎದುರಿಗೆ ಕುಳಿತವನು ಅವರಿಗೆ ವಸ್ತುವಿಗಿಂತ ಮೇಲಾಗಿದ್ದನು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಗಾಜಿಗೆ ಮುಪ್ಪು ಬಂತೆಂದರೆ ಕೇಡೇ ಎಂದೂ ಇಲ್ಲ. ಇಂಗ್ಲೆಂಡಿನಲ್ಲಿ ಮಸೂರಗಳನ್ನು ರೂಪಿಸುತ್ತಿದ್ದ ಡೆನ್ನಿಸ್ ಟೇಲರ್ ಎಂಬಾತನು ೧೮೯೦ರ ದಶಕದಲ್ಲಿ, ವರ್ಷಗಟ್ಟಲೆ ಗಾಳಿಗೆ ಕಿಲುಬು ಹಿಡಿದಂತಾದ ಹಳೆಯ ಮಸೂರಗಳು ಹೊಚ್ಚಹೊಸವುಗಳಿಗಿಂತ ಹೆಚ್ಚು ಬೆಳಕನ್ನು ಒಳಬಿಡುತ್ತವೆಂದು ಕಂಡುಕೊಂಡನು. ಗಾಜಿನ ಒಂದೊಂದು ಮೈಯಲ್ಲಿಯೂ ನೂರಕ್ಕೆ ಸುಮಾರು ನಾಲ್ಕು ಪಾಲು ಬೆಳಕು ಪುಟಿದು ಹೋಗುತ್ತದೆ. ನಮ್ಮ ಮಸೂರದಂಥದಕ್ಕೆ ಗಾಳಿ ತಾಗುವ ಆರು ಮೈಗಳಿರುವುದರಿಂದ, ಲೇಪವಿಲ್ಲದಿದ್ದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ನಷ್ಟ. ಆ ಕಿಲುಬಿನ ತೆಳುಪದರವು ನಷ್ಟವನ್ನು ತಗ್ಗಿಸುತ್ತಿತ್ತು. ಕೊರತೆಯೆಂದು ಜನ ಉಜ್ಜಿ ತೆಗೆಯುತ್ತಿದ್ದುದು ವಾಸ್ತವದಲ್ಲಿ ಉಪಕಾರವಾಗಿತ್ತು. ೧೯೩೫ರಲ್ಲಿ ಜೈಸ್ ಕಾರ್ಖಾನೆಯ ಸ್ಮಕುಲನು ಬೇಕೆಂದೇ ಅಂಥ ಪದರವನ್ನು ಹಚ್ಚುವ ಕ್ರಮವನ್ನು ರೂಢಿಸಿದನು. ಹಳೆಯ ಮಸೂರಗಳಲ್ಲಿ ಕಾಣುವ ನೀಲಿನೇರಿಳೆಯ ಹೊಳಪು ಅದೇ. ಆದುದರಿಂದ ಹಳತಾದುದನ್ನು ಕಂಡ ಕೂಡಲೆ ತಿಕ್ಕುವವರೂ, ಕಂಡ ಕೂಡಲೆ ಎಸೆಯುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಯಾವುದು ಮುಪ್ಪು, ಯಾವುದು ರೋಗ, ಯಾವುದು ಕೊಳೆ ಎಂದು ಬಿಚ್ಚಿ ನೋಡದೆ ಇಬ್ಬರೂ ತೀರ್ಪು ಕೊಟ್ಟುಬಿಡುತ್ತಾರೆ.

ನಮ್ಮ ಎರಡು ವಾರದ ತರ್ಕ ಎಲ್ಲಿ ತಪ್ಪಿತೆಂಬುದು ಇದರಿಂದ ತಿಳಿಯಿತು. ಮೂರ್ತಿ ಭಿನ್ನವಾಗಿದೆಯೊ, ಬರಿಯ ಎಣ್ಣೆಜಿಡ್ಡು ಹತ್ತಿದೆಯೊ ಎಂದು ನೋಡುವ ಮೊದಲೇ ನಾವು ವಿಸರ್ಜನೆಯ ಮುಹೂರ್ತ ಹುಡುಕುತ್ತಿದ್ದೆವು. ತೊಳೆದಲ್ಲದೆ ತಿಳಿಯದು. ತೊಳೆಯುವುದರಿಂದ ಬದಲಿಸುವ ದಾರಿ ಮುಚ್ಚಿಹೋಗುವುದಿಲ್ಲ. ಬದಲಿಸಿದರೆ ಮಾತ್ರ ತೊಳೆಯುವ ಯೋಚನೆಯೇ ಮತ್ತೆ ಬರುವುದಿಲ್ಲ.

ಫೆಬ್ರವರಿಯಲ್ಲಿ ಸಮಿತಿಗೆ ನಾವು ಹೇಳಿದುದು ಇಷ್ಟು. ಏಳು ಮಂದಿ ಹಿರಿಯರ ಚಿತ್ರವನ್ನು ಈ ವಾರವೇ ಮೊಬೈಲಿನಲ್ಲಿ ತೆಗೆದುಬಿಡೋಣ. ಕ್ಯಾಮರಾದ ಗತಿ ಏನಾದರಾಗಲಿ, ಅವರು ಅದಕ್ಕಾಗಿ ಕಾಯಬೇಕಾಗಿಲ್ಲ. ಮಸೂರವನ್ನು ತೊಳೆಯಿಸೋಣ, ತೊಳೆಯುವ ಕೂಲಿಯನ್ನು ಸಂಘದಿಂದ ಬೇಡ, ಕಪಾಟಿನ ಬೀಗದ ಕೈ ನಮ್ಮಲ್ಲಿದ್ದುದರಿಂದ ನಾವು ಕೊಡುತ್ತೇವೆ. ತೊಳೆದ ಮೇಲೆ ಮೊದಲ ಸುರುಳಿಯನ್ನು ನಮ್ಮ ಶಾಲೆಯ ಮಕ್ಕಳ ಮೇಲೆ ಖರ್ಚು ಮಾಡೋಣ, ಚಿತ್ರ ಕೆಟ್ಟರೆ ಮರುದಿನವೂ ಅವರು ಸಿಗುತ್ತಾರೆ. ಅದೂ ಮಸುಕಾದರೆ ಆ ಇನ್ನೊಂದು ಕ್ಯಾಮರಾದ ಕಣ್ಣನ್ನು ಕೊಳ್ಳೋಣ, ದುಃಖಪಡದೆ. ಖಜಾಂಚಿಯವರು, ಮೊಬೈಲಿನ ಮಾತು ತಮ್ಮದೆಂದು ನಡಾವಳಿಯಲ್ಲಿ ಬರೆಯಬೇಕೆಂದರು. ಬರೆಯಲಾಯಿತು.

ಮಂಗಳೂರಿನ ವೃದ್ಧರು ಕೆಲಸಕ್ಕೆ ಹನ್ನೆರಡು ದಿನ ತೆಗೆದುಕೊಂಡರು. ಬೂಷ್ಟು ಹೋಯಿತು. ಮುಂದಿನ ಗಾಜಿನ ಒಳಮೈಯ ಅಂಚಿನಲ್ಲಿ ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ, ಬಸವನಹುಳು ಹರಿದ ಜಾಡಿನಂತೆ, ಲೇಪ ತಿಂದುಹೋದ ಕಲೆ ಉಳಿಯಿತು. "ಸೂರ್ಯನಿಗೆ ಬೆನ್ನು ಹಾಕಿ ತೆಗೆಯಿರಿ, ಮುಂದಕ್ಕೊಂದು ನೆರಳುಬಳೆ ಹಾಕಿ, ಗೊತ್ತೇ ಆಗದು. ಬೆಳಕಿಗೆ ಮುಖ ಮಾಡಿದಿರೊ, ಮಂಜು. ಆ ಚರ್ಮದ ಚೀಲ ಇಲ್ಲೇ ಬಿಟ್ಟುಹೋಗಿ" ಎಂದರು. ಚೀಲವನ್ನು ಬಿಟ್ಟುಬರಲು ನಮಗೆ ಮತ್ತೆ ಮನಸ್ಸಾಗಲಿಲ್ಲವೆಂಬುದನ್ನು ನಾಚಿಕೆಯಿಂದ ತಿಳಿಸುತ್ತೇವೆ. ಅದು ಈಗ ಶಾಲೆಯಲ್ಲಿ ಸೀಮೆಸುಣ್ಣ ಇಡುವುದಕ್ಕೆ ಆಗಿದೆ. ಶಾಲೆಯ ಅಂಗಳದಲ್ಲಿ ತೆಗೆದ ಹನ್ನೆರಡರಲ್ಲಿ ಒಂಬತ್ತು ಚಿತ್ರಗಳು ಚೆನ್ನಾಗಿ ಬಂದು, ಬೇಕೆಂದೇ ಬಿಸಿಲಿಗೆದುರಾಗಿ ತೆಗೆದ ಮೂರು ಮಸುಕಾದುವು. ೧೯೯೮ರ ನಮ್ಮ ಪಟದಲ್ಲಿ ಮಕ್ಕಳದು ನಾಲ್ಕು ಸಾಲು. ಈಗಿನದರಲ್ಲಿ ಒಂದೇ ಸಾಲು, ಕ್ಯಾಮರಾ ಹಿಡಿದು ಹಿಂದೆ ಸರಿಯಬೇಕಾದ ಪ್ರಸಂಗ ಬರಲಿಲ್ಲ. ಆಮೇಲೆ ಹಿರಿಯರಲ್ಲಿ ಐದು ಮಂದಿಯ ಚಿತ್ರವನ್ನು ಅದರಿಂದಲೇ ತೆಗೆದೆವು. ಇಬ್ಬರು ಮೊಬೈಲಿನದೇ ಸಾಕೆಂದರು.

ವಿಷು ಕಳೆದ ಮೇಲೆ ಮಾಷ್ಟ್ರ ಮನೆಗೆ ಹೋಗಿದ್ದೆವು. ಕೆಟ್ಟ ಸುರುಳಿಯ ಪಟವನ್ನು ಅವರ ಪತ್ನಿಗೆ ತೋರಿಸುವ ಧೈರ್ಯ ಅದುವರೆಗೆ ನಮಗೆ ಆಗಿರಲಿಲ್ಲ. ಅವರೇ ಕೇಳಿದರು. ನಡೆದುದನ್ನು ಮುಚ್ಚಿಡದೆ ಹೇಳಿ, ಕೊಟ್ಟೆವು. ಅವರು ಅದನ್ನು ಚಾವಡಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಂಜಿನಂಥ ಬಿಳುಪಿನ ನಡುವೆ ಕುರ್ಚಿಯ ತೋಳು ಗೊತ್ತಾಗುತ್ತಿತ್ತು, ಪಂಚೆ ಗೊತ್ತಾಗುತ್ತಿತ್ತು, ನಗುತ್ತಿದ್ದಾರೆಂಬುದು ತಿಳಿದವರಿಗೆ ಮಾತ್ರ ಗೊತ್ತಾಗುತ್ತಿತ್ತು.

"ಆಪರೇಶನ್ನಿಗೆ ಮೊದಲು ಅವರಿಗೆ ನಾನು ಹೀಗೆಯೇ ಕಾಣುತ್ತಿದ್ದೆನೊ ಏನೊ" ಎಂದರು.

ಪಟವನ್ನು ಹಿಂದಕ್ಕೆ ಕೊಡಲಿಲ್ಲ. ಬರುವ ಶನಿವಾರ ಸೊಸೆಯೂ ಇರುತ್ತಾಳೆ, ಕ್ಯಾಮರಾ ತೆಗೆದುಕೊಂಡು ಬಾ ಎಂದರು. ಎಲ್ಲಿ ಕುಳಿತುಕೊಳ್ಳಲಿ ಎಂದು ಕೇಳಿ, ಕಿಟಕಿಯ ಬಳಿಯ ಆ ಕುರ್ಚಿಯನ್ನು ತೋರಿಸಿದರು. ಕುರ್ಚಿ ಅದೇ ಇರಲಿ, ಅದನ್ನು ಈ ಬದಿಗೆ ತಿರುಗಿಸಿಡೋಣ ಎಂದೆವು.